ಮರಿಯಳ ಪಾತ್ರ ಬೇಡವೆಂದ ರಾಸ್ಮಿಯಾ

ರಾಸ್ಮಿಯಾ ಲೊಮೊಂದೊತ್ ಬಲು ಮೆತ್ತಗಿನ ಹುಡುಗಿ ಎಂದು ಯಾರಾದರೂ ಹೇಳಿದರೆ, ಇಲೊಯ್ಲೊ ಪಟ್ಟಣದಲ್ಲಿ ಅವಳನ್ನು ಬಲ್ಲವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ದೊಡ್ಡ ಮಾರುಕಟ್ಟೆಯ ಮಗ್ಗುಲಿನ ಸಾಲಂಗಡಿಗಳಲ್ಲಿ ಬೆಳೆದವಳು ಅವಳು. ತಾಯಿ ಸಿನಾಬ್ ಅಲ್ಲಿ ಕಪ್ಪು ಕನ್ನಡಕ, ಬೆಲ್ಟು, ದಕ್ಷಿಣದ ಸಮುದ್ರದ ಮುತ್ತು ಮಾರುತ್ತಿದ್ದಳು. ಸೆಪ್ಟೆಂಬರ್ ಬಂತೆಂದರೆ ಕ್ರಿಸ್ಮಸ್ ದೀಪದ ಸರಗಳನ್ನೂ ಕೆಂಪು ಟೊಪ್ಪಿಗಳನ್ನೂ ತೂಗುಹಾಕುತ್ತಿದ್ದಳು. ಅಪ್ಪ ಸರಕು ಹೊತ್ತು ದ್ವೀಪದಿಂದ ದ್ವೀಪಕ್ಕೆ ತಿರುಗುವವನು, ರಂಜಾನಿಗೆ ಮಾತ್ರ ಮನೆ ಸೇರುವವನು. ದಕ್ಷಿಣದ ಮರಾವಿಯಿಂದ ಹಡಗು ಹತ್ತಿ ಬಂದಾಗ ರಾಸ್ಮಿಯಾ ಇನ್ನೂ ಅಮ್ಮನ ಸೊಂಟದ ಮೇಲಿದ್ದಳು. ಹಾಗಾಗಿ ಅವಳ ಬಾಯಲ್ಲಿ ಮೊದಲು ಹೊರಳಿದ್ದು ಇಲೊಯ್ಲೊದ ಮಾತೇ. ಮನೆಮಾತಾದ ಮರಾನಾವ್ ಭಾಷೆಯಲ್ಲಿ ಅವಳು ಬೈಸಿಕೊಳ್ಳುತ್ತಿದ್ದಳೇ ಹೊರತು ತಿರುಗಿ ಬೈಯುವಷ್ಟು ಬರುತ್ತಿರಲಿಲ್ಲ.

ಅವಳು ಏಳೆಂಟು ವರ್ಷದವಳಿದ್ದಾಗ ಒಬ್ಬ ಹೆಂಗಸು ಅಳುವ ಮಗುವನ್ನು ಎಳೆದುಕೊಂಡು ಅಂಗಡಿಯ ಮುಂದೆ ಹಾದುಹೋಗುತ್ತ, "ಸುಮ್ನಿರ್ತೀಯೋ ಇಲ್ವೋ? ಅಗೋ ನೋಡು, ಮೊರೊ ಕೂತಿದಾಳೆ. ಚೀಲದಲ್ಲಿ ತುಂಬ್ಕೊಂಡು ಹೋಗ್ಬಿಡ್ತಾಳೆ" ಎಂದು ಸಿನಾಬಳ ಕಡೆ ಬೆರಳು ತೋರಿಸಿದಳು. ದಕ್ಷಿಣದ ಮುಸ್ಲಿಮರನ್ನು ಊರವರು ಕರೆಯುವುದೇ ಹಾಗೆ. ಸಿನಾಬ್ ಕೇಳಿಸದವಳಂತೆ ಕನ್ನಡಕ ಒರೆಸುತ್ತ ಕುಳಿತಳು. ರಾಸ್ಮಿಯಾ ಮಾತ್ರ ಸ್ಟೂಲಿನ ಮೇಲೆ ಎದ್ದು ನಿಂತು, "ಇವತ್ತು ಚೀಲ ತುಂಬೋಗಿದೆ ಮನಾಂಗ್, ನಾಳೆ ಕರ್ಕೊಂಡ್ ಬನ್ನಿ" ಎಂದು ಕೂಗಿದಳು. ಅಕ್ಕಾ ಎಂದು ಕರೆದೇ ಆ ಮಾತು ಹೇಳಿದ್ದಳು! ತಾಯಿ ಬೆನ್ನಿಗೊಂದು ಗುದ್ದು ಹಾಕಿದಳು. ಆಮೇಲೆ ಬೆಲ್ಟುಗಳ ರಾಶಿಯ ಹಿಂದೆ ಮುಖ ಮುಚ್ಚಿಕೊಂಡು ತಾನೇ ಬಹಳ ಹೊತ್ತು ನಕ್ಕಳು.

ಇಂಥವಳು ನರ್ಸಿಂಗ್ ಓದಲು ಸಾಂತಾ ಬಿಬಿಯಾನಾ ವಿಶ್ವವಿದ್ಯಾಲಯಕ್ಕೆ ಸೇರಿದಳು. ಅದು ಕ್ರೈಸ್ತ ಸನ್ಯಾಸಿನಿಯರಾದ ಸಿಸ್ಟರುಗಳು ನಡೆಸುವ ಜಾಗ. ಗೇಟಿನೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಮಾತೆ ಮರಿಯಳ ಗುಹೆ, ಮಧ್ಯಾಹ್ನ ಮೂರು ಹೊಡೆದರೆ ಎಲ್ಲರೂ ನಿಂತಲ್ಲೇ ನಿಂತು ಪ್ರಾರ್ಥನೆ, ಅಕ್ಟೋಬರ್ ತುಂಬ ಜಪಸರ. ರಾಸ್ಮಿಯಾಳಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಎಲ್ಲರೂ ನಿಂತಾಗ ನಿಲ್ಲುತ್ತಿದ್ದಳು, ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಕೈಕಟ್ಟಿಕೊಳ್ಳುತ್ತಿದ್ದಳು. ದೇವಶಾಸ್ತ್ರ ಎಲ್ಲರಿಗೂ ಕಡ್ಡಾಯ ವಿಷಯ. ಮೊದಲ ವರ್ಷ ಅದರಲ್ಲಿ ತರಗತಿಗೇ ಹೆಚ್ಚು ಅಂಕ ಬಂದದ್ದು ಇವಳಿಗೆ. ಫೇಲಾದವಳು ಪಕ್ಕದಲ್ಲಿ ಕೂರುತ್ತಿದ್ದ ಫಿದೆಸ್. ಆ ಹೆಸರಿಗೆ ವಿಶ್ವಾಸ ಎಂದೇ ಅರ್ಥ.

"ನಮ್ಮಜ್ಜಿಗೆ ಗೊತ್ತಾದ್ರೆ ಎದೆ ಒಡ್ಕೋತಾಳೆ ಕಣೇ," ಎಂದಳು ಫಿದೆಸ್. "ಮೊರೊ ಹುಡುಗಿಗೆ ಯೇಸು ಗೊತ್ತು, ನಂಗೆ ಗೊತ್ತಿಲ್ಲ!"

"ನೀನು ಬೈಬಲ್ ಕ್ಲಾಸಲ್ಲಿ ಗೊರಕೆ ಹೊಡೀತೀಯ. ಯೇಸುನೇ ಬಂದು ಪಾಠ ಮಾಡಿದ್ರೂ ಪಾಸಾಗಲ್ಲ."

ಫಿದೆಸ್ ದಪ್ಪ ದೇಹದ, ದೊಡ್ಡ ಗಂಟಲಿನ ಹುಡುಗಿ. ಭಾನುವಾರದ ಪೂಜೆ ಒಂದನ್ನೂ ತಪ್ಪಿಸುತ್ತಿರಲಿಲ್ಲ, ಊಟವನ್ನಂತೂ ಇಲ್ಲವೇ ಇಲ್ಲ. ಕ್ಯಾಂಟೀನಿನಲ್ಲಿ ಏನು ಕೇಳಿದರೂ ಹಂದಿಮಾಂಸ ಬೆರೆತೇ ಇರುತ್ತಿದ್ದುದರಿಂದ ರಾಸ್ಮಿಯಾ ಮನೆಯಿಂದ ಅನ್ನ, ಹುರಿದ ಮೀನು, ಪಲಾಪಾ ಕಟ್ಟಿಕೊಂಡು ಬರುತ್ತಿದ್ದಳು. ಪಲಾಪಾ ಎಂದರೆ ಎಳೆ ಈರುಳ್ಳಿ, ಶುಂಠಿ, ಮೆಣಸಿನಕಾಯಿ ಜಜ್ಜಿದ ಚಟ್ನಿ. ಅದನ್ನು ಒಮ್ಮೆ ನಾಲಿಗೆಗೆ ಹಚ್ಚಿಕೊಂಡ ಫಿದೆಸ್ ಆಮೇಲೆ ದಿನವೂ ಬರಿ ಅನ್ನ ತಂದು ಎದುರಿಗೆ ಕೂರುತ್ತಿದ್ದಳು. "ನಿಮ್ ಸ್ವರ್ಗದಲ್ಲಿ ಪಲಾಪಾ ಇದೆ, ಹಂದಿ ಇಲ್ಲ. ನಮ್ದರಲ್ಲಿ ಹಂದಿ ಇದೆ, ಪಲಾಪಾ ಇಲ್ಲ. ನನ್ನಂಥವಳು ಎಲ್ಲಿಗೆ ಸಾಯ್ಬೇಕು ಹೇಳು" ಎಂದು ಕಣ್ಣಲ್ಲಿ ನೀರು ಸುರಿಸುತ್ತ ಉಣ್ಣುತ್ತಿದ್ದಳು.

ಅದೇ ತರಗತಿಯಲ್ಲಿ ಇನ್ನೊಬ್ಬ ಮುಸ್ಲಿಂ ಹುಡುಗಿ ಇದ್ದಳು. ಅದು ಗೊತ್ತಿದ್ದದ್ದು ರಾಸ್ಮಿಯಾಳಿಗೆ ಮಾತ್ರ. ಜಿಹಾನ್ ಎಂದು ಹೆಸರು, ಹೋಲೊ ದ್ವೀಪದ ಕಡೆಯವಳು, ತಂದೆ ಪೊಲೀಸ್. ಕಾಲೇಜಿನಲ್ಲಿ ಎಲ್ಲರಿಗೂ ಅವಳು ಜೇನ್. ಬಸ್ಸಿನಲ್ಲಿ ಬರುವಾಗ ತಲೆವಸ್ತ್ರ ಇರುತ್ತಿತ್ತು, ಗೇಟಿಗೆ ಮೊದಲ ತಿರುವಿನಲ್ಲಿ ಅದು ಚೀಲ ಸೇರುತ್ತಿತ್ತು. ಒಂದು ದಿನ ಆ ತಿರುವಿನಲ್ಲೇ ಇಬ್ಬರೂ ಎದುರುಬದುರಾದರು.

"ಯಾರಿಗೂ ಹೇಳ್ಬೇಡ," ಎಂದಳು ಜಿಹಾನ್.

"ನಾನ್ಯಾಕೆ ಹೇಳ್ಲಿ? ನಿನ್ ತಲೆ, ನಿನ್ ಕೂದ್ಲು."

"ನೀನು ಮನಸ್ಸಲ್ಲಿ ಬೈತಿದೀಯ."

"ಹೂಂ, ಬೈತಿದೀನಿ. ಆದ್ರೆ ಹೇಳಲ್ಲ."

"ದಕ್ಷಿಣದಲ್ಲಿ ಎಲ್ಲೋ ಬಾಂಬ್ ಸಿಡಿದ್ರೆ ಮಾರನೇ ದಿನ ನಿನ್ನ ಪಕ್ಕ ಯಾರೂ ಕೂರಲ್ಲ. ನಾನು ನೋಡಿದೀನಿ. ನಂಗೆ ಓದ್ಬೇಕು ರಾಸ್ಮಿಯಾ, ಯುದ್ಧ ಮಾಡೋಕಲ್ಲ ನಾನ್ ಬಂದಿರೋದು."

ಮಾತೇನೋ ಸುಳ್ಳಲ್ಲ. ಅಂಥ ದಿನಗಳಲ್ಲಿ ರಾಸ್ಮಿಯಾಳ ಬಲಗಡೆಯ ಕುರ್ಚಿ ಖಾಲಿ ಉಳಿಯುತ್ತಿತ್ತು. ಎಡಗಡೆ ಮಾತ್ರ ಫಿದೆಸ್ ತನ್ನ ಕುರ್ಚಿಯನ್ನೂ ಅರ್ಧ ಇವಳ ಕುರ್ಚಿಯನ್ನೂ ತುಂಬಿಕೊಂಡು ಕೂತಿರುತ್ತಿದ್ದಳು.

ಮೂರನೆಯ ವರ್ಷ ಆಸ್ಪತ್ರೆಯ ಡ್ಯೂಟಿ ಶುರುವಾಯಿತು. ಆಸ್ಪತ್ರೆಯೂ ವಿಶ್ವವಿದ್ಯಾಲಯದ್ದೇ. ಸಿನಾಬ್ ಮಗಳಿಗಾಗಿ ಬಿಳಿ ಹತ್ತಿಬಟ್ಟೆಯ ಗಿಡ್ಡ ತಲೆವಸ್ತ್ರಗಳನ್ನು ಹೊಲಿಸಿದ್ದಳು. ಜೋಲುವ ಅಂಚಿಲ್ಲ, ಕುತ್ತಿಗೆಯ ಬಳಿ ಸಮವಸ್ತ್ರದೊಳಗೆ ಸಿಕ್ಕಿಸಿಬಿಟ್ಟರೆ ಅಲುಗಾಡುವಂತಿಲ್ಲ. ಮೊದಲ ದಿನ ವಾರ್ಡಿನ ಬಾಗಿಲಲ್ಲಿ, ಡ್ಯೂಟಿ ಕಲಿಸುವ ವಿಲ್ಯಾರುಸ್ ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗುರು, ಬೂಟು, ಕೂದಲು ನೋಡುತ್ತ ಬಂದರು. ರಾಸ್ಮಿಯಾಳ ಮುಂದೆ ನಿಂತು ಬಾಲ್‌ಪೆನ್ನಿನ ತುದಿಯಿಂದ ತಲೆಯನ್ನು ತೋರಿಸಿದರು.

"ಅದನ್ನ ತೆಗಿ."

"ಆಗಲ್ಲ ಮೇಡಂ. ಒಗೆದು ಇಸ್ತ್ರಿ ಮಾಡಿರೋದು. ದಿನಾ ಬದಲಾಯಿಸ್ತೀನಿ."

"ಸೋಂಕು ಅಂದ್ರೆ ಏನು ಅಂತ ಎರಡು ವರ್ಷ ಓದಿಲ್ವೇನೇ?"

"ಓದಿದೀನಿ ಮೇಡಂ. ಬಟ್ಟೆಯಿಂದ ಮುಚ್ಚದೇ ಇರೋ ಕೂದಲಿನಿಂದ ಹರಡುತ್ತೆ ಅಂತಲೇ ಓದಿದ್ದು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಫಿದೆಸ್ ಎಂದು ಬೇರೆ ಹೇಳಬೇಕಿಲ್ಲ. ವಿಲ್ಯಾರುಸ್ ಮೇಡಂ ಕೆಂಪಾದರು. ರಾಸ್ಮಿಯಾ ಅಂದೇ ಡೀನ್ ಸಿಸ್ಟರ್ ಅಸುನ್ಸಿಯೋನರ ಕೋಣೆಯಲ್ಲಿ ನಿಂತಿದ್ದಳು.

ಸಿಸ್ಟರ್ ಅಸುನ್ಸಿಯೋನ್ ಎತ್ತರದ ಆಳು. ದನಿ ಏರಿಸಿದ್ದನ್ನು ಯಾರೂ ಕೇಳಿದವರಿಲ್ಲ. ಎದುರಿನವರನ್ನು ಕೂರಿಸಿ, ನೀರು ಕೊಟ್ಟು, ಅಕ್ಕರೆಯಿಂದ ಇಂದಾಯ್, ಅಂದರೆ ಮಗಳೇ, ಎಂದು ಕರೆದು, ಆಮೇಲೆ ಇಲ್ಲ ಎನ್ನುವ ಪೈಕಿ.

"ನಿನ್ನ ನಂಬಿಕೆ ಬಗ್ಗೆ ನಂಗೆ ಗೌರವ ಇದೆ ಇಂದಾಯ್. ತರಗತಿಯಲ್ಲಿ ಯಾರಾದ್ರೂ ಏನಾದ್ರೂ ಅಂದಿದೀವಾ? ಆದ್ರೆ ವಾರ್ಡ್ ಅಂದ್ರೆ ರೋಗಿಗಳು. ಹಳ್ಳಿಯಿಂದ ಬಂದಿರೋ ವಯಸ್ಸಾದೋರು. ನಿನ್ನ ನೋಡಿದ್ರೆ ಹೆದರ್ತಾರೆ."

"ನಿಮ್ಮ ತಲೆ ಮೇಲೂ ಬಟ್ಟೆ ಇದೆಯಲ್ಲ ಸಿಸ್ಟರ್. ನೀವು ದಿನಾ ವಾರ್ಡಿಗೆ ಹೋಗ್ತೀರಿ. ಯಾರೂ ಹೆದರಿಲ್ಲ."

"ಇದು ನಾನು ದೇವರಿಗೆ ಕೊಟ್ಟಿರೋ ಮಾತು. ಇದಕ್ಕೋಸ್ಕರ ಮದುವೆ, ಮನೆ, ಮಕ್ಕಳು ಎಲ್ಲಾ ಬಿಟ್ಟು ಬಂದಿದೀನಿ."

"ಹಾಗಾದ್ರೆ ನಂಗೆ ಮದುವೆ ಆಗೋ ಆಸೆ ಇರೋದೇ ತೊಂದರೆನಾ ಸಿಸ್ಟರ್?"

ಸಿಸ್ಟರ್ ತುಟಿಯಂಚಿಗೆ ಬಂದ ನಗುವನ್ನು ನುಂಗಿಕೊಂಡರು. ನಿಯಮ ಮಾತ್ರ ನುಂಗಲಿಲ್ಲ. ತಲೆವಸ್ತ್ರ ತೆಗೆಯುವ ತನಕ ರಾಸ್ಮಿಯಾಳಿಗೆ ವಾರ್ಡಿಲ್ಲ. ಡ್ಯೂಟಿಯ ಹೊತ್ತನ್ನು ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಕಳೆಯಬೇಕು ಎಂದಾಯಿತು.

ಆ ಕೋಣೆಯಲ್ಲಿ ಕಿಟಕಿಯಿಲ್ಲ. ಬಿಸಿ ಹಬೆಯ ವಾಸನೆ, ಗೋಡೆಯೆತ್ತರದ ಹಾಸುಬಟ್ಟೆಗಳ ರಾಶಿ. ಮೇಲಿನ ಅಂತಸ್ತಿನಲ್ಲಿ ಗೆಳತಿಯರು ಹೆರಿಗೆಗೆ ನೆರವಾಗುತ್ತಿದ್ದರು, ಇಂಜೆಕ್ಷನ್ ಕಲಿಯುತ್ತಿದ್ದರು. ಇವಳು ಹತ್ತಿ ಉಂಡೆ ಕಟ್ಟುತ್ತ, ಹಾಸುಬಟ್ಟೆ ಮಡಿಸುತ್ತ ಕೂತಳು. ವಾರ್ಡಿನ ಅನುಭವವಿಲ್ಲದೆ ಸರ್ಕಾರದ ಪರೀಕ್ಷೆಗೆ ಕೂರುವಂತಿಲ್ಲ, ಪರೀಕ್ಷೆಯಿಲ್ಲದೆ ನರ್ಸಾಗುವಂತಿಲ್ಲ. ಒಂದು ಬಟ್ಟೆ ತೆಗೆದಿಟ್ಟರೆ ಎಲ್ಲ ಸಲೀಸು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸಿಟ್ಟು ಬಂದ ದಿನ ಅವಳ ಮಡಿಕೆಯ ಅಂಚುಗಳು ಬ್ಲೇಡಿನಂತೆ ಚೂಪಾಗಿರುತ್ತಿದ್ದವು. ಹೆಚ್ಚುಕಡಿಮೆ ಎಲ್ಲ ದಿನವೂ ಹಾಗೇ ಇರುತ್ತಿದ್ದವು.

ಮನೆಯಲ್ಲಿ ವಿಷಯ ತಿಳಿದಾಗ ಸಿನಾಬ್ ಅಂಗಡಿಯ ಬಾಗಿಲನ್ನು ದಡಾರನೆ ಎಳೆದಳು.

"ಬಿಟ್ಟು ಬಾ. ನಮ್ಮ ಮಾನ ಕಳೆಯೋ ಜಾಗದಲ್ಲಿ ನಿಂಗೇನ್ ಕೆಲ್ಸ? ಮರಾವಿಯಲ್ಲಿ ನಿಮ್ಮತ್ತೆ ಒಳ್ಳೇ ಕಡೆ ಗಂಡು ನೋಡಿದಾಳೆ. ಓದಿದ್ದು ಸಾಕು."

"ಬಿಡಲ್ಲ."

"ಹಾಗಾದ್ರೆ ತೆಗೀತೀಯಾ?"

"ತೆಗಿಯೋದೂ ಇಲ್ಲ."

"ಮತ್ತೇನ್ ಮಾಡ್ತೀಯೇ? ಜೀವಮಾನ ಪೂರ್ತಿ ಅವರ ದುಪಟಿ ಮಡಿಸ್ಕೊಂಡಿರ್ತೀಯಾ?"

"ಮಡಿಸ್ತೀನಿ. ಅವರಿಗೆ ಸಾಕಾಗೋವರೆಗೂ ಮಡಿಸ್ತೀನಿ. ಬಿಟ್ಟು ಹೋದ್ರೆ ಅವರಿಗೆ ಸಲೀಸು, ತೆಗೆದ್ರೂ ಅವರಿಗೆ ಸಲೀಸು. ಅವರಿಗೆ ಸಲೀಸು ಮಾಡಿಕೊಡೋಕೆ ನಾನ್ ಹುಟ್ಟಿಲ್ಲ ಅಮ್ಮಾ."

ಸಿನಾಬ್ ಮಾರನೆಯ ದಿನದಿಂದ ಬಿಳಿ ತಲೆವಸ್ತ್ರಗಳನ್ನು ತಾನೇ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡತೊಡಗಿದಳು.

ಹೀಗೇ ಮಳೆಗಾಲ ಕಳೆಯಿತು. ಡಿಸೆಂಬರಿನ ಹೊಸ್ತಿಲಲ್ಲಿ ವಿಶ್ವವಿದ್ಯಾಲಯದ ಅಂಗಳದಲ್ಲಿ ಕ್ರಿಸ್ತಜನನದ ರೂಪಕಕ್ಕೆ ತಯಾರಿ ನಡೆಯಿತು. ಊರಿಗೆ ಊರೇ ನೋಡಲು ಬರುವ ರೂಪಕ ಅದು. ಆಡಿಸುವವರು ನಾಟಕದ ಮೇಷ್ಟ್ರು ಸರ್ ನೊನಿತೊ. ಕತ್ತಿಗೆ ರೇಷ್ಮೆ ಶಾಲು, ಮಾತಿಗೊಮ್ಮೆ ನಿಟ್ಟುಸಿರು, ಸುಂದರವಾದದ್ದು ಯಾವುದೇ ಕಂಡರೂ ಕಣ್ಣೀರು. ಒಂದು ಮಧ್ಯಾಹ್ನ ರಾಸ್ಮಿಯಾ ಹಾಸುಬಟ್ಟೆಯ ಗಂಟನ್ನು ಎದೆಗವಚಿಕೊಂಡು ಮೊಗಸಾಲೆಯಲ್ಲಿ ಬರುತ್ತಿದ್ದಳು. ಎದುರಿಗೆ ಬಂದ ನೊನಿತೊ ಮೇಷ್ಟ್ರು ಗೋಡೆಗೆ ಒರಗಿಕೊಂಡೇಬಿಟ್ಟರು.

"ಅಯ್ಯೋ ದೇವರೇ, ಅಲ್ಲಾಡ್ಬೇಡ! ಹಾಗೇ ನಿಂತಿರು ಇಂದಾಯ್! ಆ ಗಂಟೇ ಮಗು ಅಂದ್ಕೋ. ಇವಳೇ, ಇವಳೇ ನನ್ನ ಮರಿಯಾ!"

"ಸರ್, ಇದು ಮೈಲಿಗೆ ಬಟ್ಟೆ. ಮೂಗು ಮುಚ್ಕೊಳ್ಳಿ," ಎಂದು ರಾಸ್ಮಿಯಾ ಮುಂದೆ ನಡೆದಳು.

ಆದರೆ ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಸಿಸ್ಟರ್ ಅಸುನ್ಸಿಯೋನ್ ಅವಳನ್ನು ಕರೆಸಿದರು. ಕೂರಿಸಿದರು, ನೀರು ಕೊಟ್ಟರು. ನೊನಿತೊ ಮೇಷ್ಟ್ರು ಪಕ್ಕದಲ್ಲಿ ಶಾಲಿನ ತುದಿ ತಿರುವುತ್ತ ಕೂತಿದ್ದರು.

"ಎಂಥ ಚೆಂದದ ಸಂದೇಶ ಹೋಗತ್ತೆ ಯೋಚನೆ ಮಾಡು," ಎಂದರು ಸಿಸ್ಟರ್. "ನಿಮ್ಮ ಗ್ರಂಥದಲ್ಲೂ ಮಾತೆಯ ಹೆಸರಿದೆ ಅಲ್ವಾ? ಎರಡು ಧರ್ಮದ ನಡುವೆ ನೀನೇ ಸೇತುವೆ ಆದ ಹಾಗಾಗತ್ತೆ. ಬಿಷಪ್ಪರೂ ಬರ್ತಾರೆ."

"ಬರೀ ಹೆಸರಲ್ಲ ಸಿಸ್ಟರ್, ಮರ್ಯಮಳ ಹೆಸರಲ್ಲೇ ಒಂದು ಇಡೀ ಅಧ್ಯಾಯ ಇದೆ. ಅಂಥವರನ್ನ ನಾವು ವೇಷ ಕಟ್ಟಿ ಆಡಲ್ಲ. ಆದ್ರೆ ನಾನು ಒಲ್ಲೆ ಅಂತಿರೋದು ಅದಕ್ಕಲ್ಲ."

"ಮತ್ತೆ?"

"ತಲೆ ಮೇಲೆ ಏನು ಹಾಕ್ಕೋಬೇಕು ಸಿಸ್ಟರ್?"

ನೊನಿತೊ ಮೇಷ್ಟ್ರು ಹುರುಪಿನಿಂದ, "ನೀನು ಈಗ ಹಾಕ್ಕೊಂಡಿದೀಯಲ್ಲ, ಹಾಗೇ! ಏನೂ ಬದಲಾಯಿಸೋದೇ ಬೇಡ!" ಎಂದರು. ಹೇಳಿದ ಮೇಲೆ ಸಿಸ್ಟರ್ ಮುಖ ನೋಡಿ ಶಾಲನ್ನು ಇನ್ನಷ್ಟು ತಿರುವತೊಡಗಿದರು.

ರಾಸ್ಮಿಯಾ ಎದ್ದು ನಿಂತಳು. "ಮೂರನೇ ಅಂತಸ್ತಲ್ಲಿ ಬಾಣಂತಿಯರಿಗೆ ಸೋಂಕು ತರೋ ಬಟ್ಟೆ ಅಂಗಳದಲ್ಲಿ ಯೇಸುವಿನ ತಾಯಿಗೆ ಹೇಗೆ ಆಗುತ್ತೆ ಸಿಸ್ಟರ್? ಊರಿನವರು ನನ್ನ ನೋಡಿ ಹೆದರ್ತಾರೆ ಅಂದ್ರಿ. ಬಿಷಪ್ಪರು ಹೆದರಲ್ವಾ? ಬೊಂಬೆ ಮಗೂನ ಎತ್ಕೊಳ್ಳೋಕೆ ನಾನು ಆಗ್ತೀನಿ, ನಿಜವಾದ ಮಗೂನ ಎತ್ಕೊಳ್ಳೋಕೆ ಆಗಲ್ವಾ? ನನ್ನನ್ನ ವಾರ್ಡಿಗೆ ಬಿಡೋವರೆಗೂ ನಿಮ್ಮ ಅಂಗಳದಲ್ಲಿ ನಾನು ಯಾವ ಸೇತುವೇನೂ ಆಗಲ್ಲ."

ನೀರಿನ ಲೋಟ ಮುಟ್ಟದೆ ಹೊರಗೆ ಬಂದಳು. ಸೀದಾ ಬಟ್ಟೆ ಕೋಣೆಗೆ ಇಳಿದು ಮಡಿಸಲು ಕೂತಳು.

ಸಂಜೆಯ ಹೊತ್ತಿಗೆ ಸುದ್ದಿ ಬೇರೆಯೇ ರೂಪ ತಾಳಿತ್ತು. ಮೊರೊ ಹುಡುಗಿ ಮಾತೆ ಮರಿಯಳನ್ನು ಮೈಲಿಗೆ ಬಟ್ಟೆ ಅಂದಳಂತೆ, ಬಿಷಪ್ಪರನ್ನು ಹಂಗಿಸಿದಳಂತೆ. ಬಟ್ಟೆ ಕೋಣೆಯ ಬಾಗಿಲ ಮೇಲೆ ಯಾರೋ ಲಿಪ್‌ಸ್ಟಿಕ್ಕಿನಲ್ಲಿ 'ನಿನ್ನೂರಿಗೆ ಹೋಗು' ಎಂದು ಗೀಚಿದರು. ರಾಸ್ಮಿಯಾ ಅದರ ಕೆಳಗೆ ಪೆನ್ನಿನಿಂದ 'ಜೀಪ್ನಿ ಹಿಡಿದರೆ ಹತ್ತು ನಿಮಿಷ, ದಿನಾ ಸಂಜೆ ಹೋಗುತ್ತೇನೆ' ಎಂದು ಬರೆದಳು. ಊಟದ ಹೊತ್ತಿನಲ್ಲಿ ಇಬ್ಬರು ಹುಡುಗಿಯರು ಅವಳ ಮೇಜಿನ ಬಳಿ ನಿಂತು ಮೂಗು ಮುರಿದಾಗ ಫಿದೆಸ್ ಅನ್ನದ ಡಬ್ಬಿಯನ್ನು ಕುಕ್ಕಿ ಎದ್ದಳು.

"ಜಪಸರದಲ್ಲಿ ಮಣಿ ಎಷ್ಟು ಅಂತ ಗೊತ್ತಿಲ್ಲ ನಿಮಗೆ, ಮಾತೆ ಪರ ಜಗಳಕ್ಕೆ ಬರ್ತೀರಾ? ಆಕೆ ಇದ್ದಿದ್ರೆ ಯಾರ ಪಕ್ಕ ಕೂತು ಉಣ್ತಿದ್ಲು ಅಂತ ಹೋಗಿ ನಿಮ್ಮ ಪಾದ್ರೀನ ಕೇಳ್ರೇ!"

ಇತ್ತ ನೊನಿತೊ ಮೇಷ್ಟ್ರಿಗೆ ಹೊಸ ಮರಿಯಾ ಬೇಕಾಗಿತ್ತು. ಹುಡುಕಿ ಹುಡುಕಿ ಅವರು ಆರಿಸಿದ್ದು ಯಾರನ್ನು ಎನ್ನುತ್ತೀರಿ? ಜೇನ್‌ಳನ್ನು.

ಜಿಹಾನ್ ಬಟ್ಟೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. "ಏನ್ ಮಾಡ್ಲಿ ಹೇಳು. ಒಲ್ಲೆ ಅಂದ್ರೆ ಯಾಕೆ ಅಂತ ಕೇಳ್ತಾರೆ. ಎಲ್ಲಾ ಆಚೆ ಬರುತ್ತೆ."

"ನಿನ್ನಿಷ್ಟ," ಎಂದಳು ರಾಸ್ಮಿಯಾ, ಮಡಿಸುವುದನ್ನು ನಿಲ್ಲಿಸದೆ.

"ಒಂದು ಮಾತು ಹೇಳೇ."

"ಹೇಳಿದ್ನಲ್ಲ. ನಿನ್ ತಲೆ. ಗೇಟ್ ಹತ್ರ ನನ್ನ ಕೇಳಿ ತೆಗೀತಿದ್ಯಾ?"

ಜಿಹಾನಳ ಕಣ್ಣು ತುಂಬಿತು. ರಾಸ್ಮಿಯಾಳಿಗೆ ತಾನು ಹೆಚ್ಚು ಬಿರುಸಾಡಿದೆ ಎನಿಸಿತಾದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನಾಲಿಗೆ ಒಪ್ಪಲಿಲ್ಲ. ಜಿಹಾನ್ ಹೊರಟುಹೋದಳು.

ರೂಪಕದ ಸಂಜೆ ಅಂಗಳ ಕಿಕ್ಕಿರಿದಿತ್ತು. ರಾಸ್ಮಿಯಾ ಬರುವುದಿಲ್ಲವೆಂದವಳು ಫಿದೆಸ್ ಎಳೆದದ್ದಕ್ಕೆ ಬಂದಿದ್ದಳು. ಫಿದೆಸ್‌ಗೆ ಕುರಿ ಕಾಯುವವಳ ಪಾತ್ರ. ಪರದೆಯ ಹಿಂದೆ ನಡೆದದ್ದನ್ನು ಆಮೇಲೆ ಹೇಳಿದವಳೂ ಅವಳೇ. ನೊನಿತೊ ಮೇಷ್ಟ್ರು ಹೊದಿಸಿದ ನೀಲಿ ಬಟ್ಟೆ ಜಿಹಾನಳ ತಲೆಯಿಂದ ಮತ್ತೆ ಮತ್ತೆ ಜಾರುತ್ತಿತ್ತು. ಹುಡುಗಿಯರು ಪಿನ್ನಿಗಾಗಿ ತಡಕಾಡುತ್ತಿದ್ದರು. ಜಿಹಾನ್ "ಬಿಡಿ" ಎಂದು ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಕನ್ನಡಿಯನ್ನೂ ನೋಡದೆ, ಗದ್ದದ ಕೆಳಗೆ ಒಂದು ಪಿನ್ನು, ಭುಜದ ಮೇಲಿನಿಂದ ಒಂದು ಸುತ್ತು, ಕಿವಿಯ ಬಳಿ ಇನ್ನೊಂದು ಪಿನ್ನು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದಿತ್ತು.

"ಎಲ್ಲಿ ಕಲಿತ್ಯೇ ಇದನ್ನ?" ಎಂದು ಯಾರೋ ಕೇಳಿದರು.

"ಮನೆಯಲ್ಲಿ," ಎಂದಳು. ಒಂದು ಉಸಿರು ಬಿಟ್ಟು, "ನಾನು ಮುಸ್ಲಿಂ. ನನ್ನ ಹೆಸರು ಜಿಹಾನ್" ಎಂದಳು.

"ಉಸಿರಾಡೋದನ್ನೇ ಮರೆತ್ವಿ ಕಣೇ," ಎಂದು ಫಿದೆಸ್ ಆಮೇಲೆ ಕಣ್ಣರಳಿಸಿ ಹೇಳಿದಳು. "ನೊನಿತೊ ಸರ್ ಅಂತೂ ಗಳಗಳ ಅತ್ತುಬಿಟ್ರು. ದುಃಖಕ್ಕೋ ಸಂತೋಷಕ್ಕೋ ಅವರಿಗೇ ಗೊತ್ತಾಗ್ಲಿಲ್ಲ."

ಆಗ ಬೇರೆ ಮರಿಯಾಳನ್ನು ಹುಡುಕಲು ಹೊತ್ತಿರಲಿಲ್ಲ. ಜಿಹಾನ್ ಬಾಡಿಗೆಯ ಗಿಡ್ಡ ಕುದುರೆಯ ಮೇಲೆ ಕೂತು ಅಂಗಳಕ್ಕೆ ಬಂದಳು, ಬೊಂಬೆಯನ್ನು ಎತ್ತಿಕೊಂಡಳು, ಬಿಷಪ್ಪರ ಮುಂದೆ ತಲೆತಗ್ಗಿಸಿ ಕೂತಳು. ರೂಪಕ ಮುಗಿದ ಮೇಲೆ ಉಳಿದವರು ವೇಷ ಕಳಚಿದರು. ಅವಳು ನೀಲಿ ನಿಲುವಂಗಿ ಕಳಚಿಟ್ಟು, ತಲೆವಸ್ತ್ರವನ್ನು ಮಾತ್ರ ಹಾಗೆಯೇ ಇಟ್ಟುಕೊಂಡು, ಜನರ ನಡುವೆಯೇ ಗೇಟಿನವರೆಗೆ ನಡೆದಳು. ರಾಸ್ಮಿಯಾ ಓಡಿ ಹೋಗಿ ಅವಳ ಚೀಲ ಹಿಡಿದುಕೊಂಡಳು. ಇಬ್ಬರೂ ಜೀಪ್ನಿಯಲ್ಲಿ ಒತ್ತಿಕೊಂಡು ಕೂತರು.

ಸೋಮವಾರ ಡ್ಯೂಟಿಯ ಸಾಲಿನಲ್ಲಿ ಜಿಹಾನಳ ತಲೆಯ ಮೇಲೆ ಬಿಳಿ ವಸ್ತ್ರ. ಸಿನಾಬ್ ಇಸ್ತ್ರಿ ಮಾಡಿ ಕೊಟ್ಟದ್ದು. ವಿಲ್ಯಾರುಸ್ ಮೇಡಂ ಬಾಯಿ ತೆರೆಯುವ ಮೊದಲೇ ಅವಳು, "ಗೊತ್ತು ಮೇಡಂ, ನೆಲಮಾಳಿಗೆ" ಎಂದು ಮೆಟ್ಟಿಲಿಳಿದಳು.

ಮಂಗಳವಾರ ಫಿದೆಸ್ ಬಂದಳು. ತಲೆಯ ಮೇಲೆ ಅಜ್ಜಿಯ ಹಳೆಯ ಪೂಜೆಯ ಮುಸುಕು, ಅಂಚಿಗೆಲ್ಲ ಜಾಲರಿ ಹೂವು.

"ಇದೇನೇ ನಿನ್ನ ಅವತಾರ?"

"ನಮ್ಮಜ್ಜಿ ಕಾಲದಲ್ಲಿ ಎಲ್ಲಾ ಕ್ರೈಸ್ತ ಹೆಂಗಸರೂ ಹಾಕ್ಕೋತಿದ್ರು ಮೇಡಂ. ನಂಗೂ ಇದ್ದಕ್ಕಿದ್ದ ಹಾಗೆ ಭಕ್ತಿ ಬಂತು."

"ತೆಗಿ!"

"ಕ್ರಿಸ್ಮಸ್ ಹತ್ರದಲ್ಲಿ ಭಕ್ತಿ ತೆಗಿ ಅಂತೀರಾ ಮೇಡಂ? ನಮ್ಮ ಪಾದ್ರಿಗೆ ಏನಂತ ಹೇಳ್ಲಿ ನಾನು?"

ಬಟ್ಟೆ ಕೋಣೆಯಲ್ಲಿ ಮೂವರಾದರು. ಬುಧವಾರ ಇನ್ನೂ ನಾಲ್ವರು ಮುಸುಕು ಹೊದ್ದು ಬಂದರು. ಅವರಲ್ಲಿ ಒಬ್ಬಳು ಅಂದು ಮೇಜಿನ ಬಳಿ ಮೂಗು ಮುರಿದವಳೇ. ಗುರುವಾರದ ಹೊತ್ತಿಗೆ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿಲ್ಲ, ಮಡಿಸಲು ಬಟ್ಟೆಯಿಲ್ಲ. ಮೇಲೆ ವಾರ್ಡಿನಲ್ಲಿ ವಿದ್ಯಾರ್ಥಿನಿಯರೇ ಇಲ್ಲ. ಆ ಆಸ್ಪತ್ರೆಯಲ್ಲಿ ರೋಗಿಗಳ ಮೈ ಒರೆಸುವುದು, ಜ್ವರ ನೋಡುವುದು, ಹಾಸಿಗೆ ಬದಲಿಸುವುದು ಎಲ್ಲ ನಡೆಯುತ್ತಿದ್ದದ್ದು ಈ ಹುಡುಗಿಯರ ಬಿಟ್ಟಿ ದುಡಿಮೆಯ ಮೇಲೆ. ಹಬ್ಬಕ್ಕೆಂದು ಅರ್ಧ ನರ್ಸುಗಳು ರಜೆ ಹಾಕಿ ಹೋಗಿದ್ದರು. ಹೆರಿಗೆ ವಾರ್ಡಿನ ಮುಖ್ಯ ನರ್ಸು ಡೀನರ ಕೋಣೆಗೇ ಬಂದು, "ತಲೆ ಮೇಲೆ ಪಾತ್ರೆ ಬೋರಲು ಹಾಕ್ಕೊಂಡ್ ಬಂದ್ರೂ ಪರ್ವಾಗಿಲ್ಲ ಸಿಸ್ಟರ್, ಕೈ ಇರೋ ಹುಡುಗೀರನ್ನ ಕಳಿಸಿ" ಎಂದು ಕೂಗಾಡಿದಳಂತೆ. ಸದ್ದು ಮೊಗಸಾಲೆಯ ಆಚೆ ತುದಿಗೂ ಕೇಳಿಸಿತು.

ಶುಕ್ರವಾರ ಸಿಸ್ಟರ್ ಅಸುನ್ಸಿಯೋನ್ ತಾವೇ ನೆಲಮಾಳಿಗೆಗೆ ಇಳಿದು ಬಂದರು. ಕೂರಲು ಜಾಗವಿಲ್ಲದೆ ನಿಂತೇ ಮಾತಾಡಿದರು. ಬಿಳಿಯದಾದರೆ, ಗಿಡ್ಡದಾದರೆ, ಸಮವಸ್ತ್ರದೊಳಗೆ ಸಿಕ್ಕಿಸಿದ್ದರೆ, ದಿನಾ ಬದಲಿಸಿದರೆ ತಲೆವಸ್ತ್ರಕ್ಕೆ ಅಡ್ಡಿಯಿಲ್ಲ ಎಂದರು.

"ಜೂನ್‌ನಲ್ಲಿ ನಾನು ಹಾಕ್ಕೊಂಡು ಬಂದಿದ್ದು ಇದನ್ನೇ ಸಿಸ್ಟರ್," ಎಂದಳು ರಾಸ್ಮಿಯಾ.

"ಗೊತ್ತು," ಎಂದರು ಸಿಸ್ಟರ್. ಆಮೇಲೆ ಫಿದೆಸ್ ಕಡೆ ತಿರುಗಿ, "ನಿನ್ನ ಭಕ್ತಿ ಇನ್ನು ಭಾನುವಾರಕ್ಕೆ ಸಾಕು" ಎಂದು ಮೆಟ್ಟಿಲು ಹತ್ತಿದರು.

ಗೆದ್ದದ್ದೇನೋ ನಿಜ, ಆದರೆ ಪುಕ್ಕಟೆಯಾಗಿ ಅಲ್ಲ. ಕಳೆದುಹೋದ ಡ್ಯೂಟಿಯನ್ನೆಲ್ಲ ರಾಸ್ಮಿಯಾ ರಜೆಯಲ್ಲಿ ತುಂಬಿಕೊಡಬೇಕಾಯಿತು. ಕ್ರಿಸ್ಮಸ್ ದಿನ, ಹೊಸ ವರ್ಷದ ದಿನ, ಈಸ್ಟರಿನ ವಾರ, ಊರೆಲ್ಲ ಹಬ್ಬದಲ್ಲಿದ್ದಾಗ ಅವಳು ವಾರ್ಡಿನಲ್ಲಿದ್ದಳು. ಶುಭ ಶುಕ್ರವಾರದ ಮಧ್ಯಾಹ್ನ, ಬೀದಿಯಲ್ಲಿ ಶಿಲುಬೆಯ ಮೆರವಣಿಗೆ ಹೋಗುತ್ತಿದ್ದಾಗ, ಕರಾವಳಿಯ ಹಳ್ಳಿಯೊಂದರ ಹೆಂಗಸಿಗೆ ಗಂಡುಮಗು ಹುಟ್ಟಿತು. ರಾಸ್ಮಿಯಾ ಕೂಸನ್ನು ಒರೆಸಿ ಬಟ್ಟೆಯಲ್ಲಿ ಸುತ್ತುವಾಗ ಅಜ್ಜಿ ಒಳಗೆ ನುಗ್ಗಿದಳು.

"ಮೊರೊ ಮುಟ್ಟೋದ್ ಬೇಡ! ನನ್ ಮೊಮ್ಮಗನ್ನ ಮೊರೊ ಮುಟ್ಟೋದ್ ಬೇಡ!"

"ಮುಟ್ಟಾಯ್ತಲ್ಲ ಅಜ್ಜೀ," ಎಂದಳು ರಾಸ್ಮಿಯಾ. "ಇವನ್ನ ಈಚೆಗೆ ಎಳೆದಿದ್ದೇ ಈ ಕೈ. ಬೇಡ ಅಂದ್ರೆ ವಾಪಸ್ ಒಳಗೆ ಕಳಿಸ್ಲಾ?"

ಹಾಸಿಗೆಯ ಮೇಲಿದ್ದ ಬಾಣಂತಿ ನೋವಿನಲ್ಲೂ ನಕ್ಕು, "ಅಯ್ಯೋ ಬೇಡಮ್ಮಾ, ಆ ದಾರಿ ಇನ್ನೊಂದ್ಸಲ ಬೇಡ" ಎಂದಳು. ಅಜ್ಜಿ ಗೊಣಗುತ್ತ ಕೈಚಾಚಿದಳು. ಸಂಜೆ ಹೊರಡುವಾಗ ಗೊಣಗುತ್ತಲೇ ಒಂದು ಗೊನೆ ಬಾಳೆಹಣ್ಣು ಮೇಜಿನ ಮೇಲಿಟ್ಟು ಹೋದಳು.

ಪದವಿಯ ದಿನ ಅವಳಿಗೆ ಪದಕ ಬರಲಿಲ್ಲ. ಅಂಕಗಳಲ್ಲಿ ಅವಳೇ ಮೊದಲಿದ್ದಳು, ನಡತೆಯ ಅಂಕಗಳನ್ನು ವಿಲ್ಯಾರುಸ್ ಮೇಡಂ ಕತ್ತರಿಸಿದ್ದರು. ಜರಿಯ ಮಲೋಂಗ್ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ ಸಿನಾಬ್, ಪದಕ ಪಡೆದ ಹುಡುಗಿಯ ತಾಯಿಗೆ ಕೇಳಿಸುವಂತೆ, "ಅದು ತಗಡು. ಅದಕ್ಕಿಂತ ಚೆನ್ನಾಗಿರೋದು ನನ್ನ ಅಂಗಡೀಲಿದೆ" ಎಂದಳು.

ಜಿಹಾನಳ ತಂದೆ ಮಗಳ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ. ಅವಳ ಹೆಸರನ್ನು ಜೇನ್ ಎಂದು ಬರೆಸಿದ್ದೇ ಅವನು. ಅವಳೀಗ ಜಾಂಬೊಅಂಗಾದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ತಲೆವಸ್ತ್ರ ಮತ್ತೆ ಬಿಟ್ಟಿದ್ದಾಳೆಂದು ಯಾರೋ ಚಾಡಿ ಹೇಳಿದರೆ ರಾಸ್ಮಿಯಾ, "ಅವಳ ತಲೆ ಲೆಕ್ಕ ಇಡೋಕೆ ನಿಮ್ಮನ್ನ ಇಟ್ಟಿದಾರಾ?" ಎಂದು ಬಾಯಿ ಮುಚ್ಚಿಸುತ್ತಾಳೆ. ಫಿದೆಸ್ ರಿಯಾದಿನ ಆಸ್ಪತ್ರೆಯೊಂದರಲ್ಲಿದ್ದಾಳೆ. ಹೋದ ಹೊಸತರಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ಹೊದ್ದು ವಿಡಿಯೋ ಕರೆ ಮಾಡಿ, "ಇದು ನಿಲ್ತಾನೇ ಇಲ್ಲ ಕಣೇ, ಪಿನ್ನು ಎಲ್ಲಿ ಚುಚ್ಚೋದು ಹೇಳ್ಕೊಡೇ, ಹಂದಿನೂ ಇಲ್ಲ ಇಲ್ಲಿ!" ಎಂದು ಗೋಳಾಡಿದಳು. ರಾಸ್ಮಿಯಾ ನಗುವುದು ಮುಗಿಸಿ ಹೇಳಿಕೊಡುವ ಹೊತ್ತಿಗೆ ಕರೆಯೇ ಕಡಿದುಹೋಗಿತ್ತು.

ಎಲ್ಲರೂ ಅಂದುಕೊಂಡದ್ದು ರಾಸ್ಮಿಯಾಳೇ ಸೌದಿಗೆ ಹೋಗುತ್ತಾಳೆ ಎಂದು. ಅವಳು ಇಲೊಯ್ಲೊ ಬಿಡಲಿಲ್ಲ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಸೇರಿ ಈಗ ಅಲ್ಲಿನ ಮುಖ್ಯ ನರ್ಸು. ಅಲ್ಲಿ ಅವಳ ತಲೆಯ ಬಟ್ಟೆಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ, ನೋಡಲು ಪುರಸೊತ್ತೂ ಇಲ್ಲ. ಒಂದೊಂದು ಹಾಸಿಗೆಯ ಮೇಲೆ ಇಬ್ಬಿಬ್ಬರು ಬಾಣಂತಿಯರು, ಒಬ್ಬಳ ತಲೆಯ ಕಡೆ ಇನ್ನೊಬ್ಬಳ ಕಾಲು. ಹೊಸ ಹಾಸಿಗೆ ಬರುತ್ತವೆ, ಬರುತ್ತವೆ ಎಂದು ವರ್ಷಗಳಿಂದ ಹೇಳುತ್ತಲೇ ಇದ್ದಾರೆ.

ಮೊನ್ನೆ ಒಂದು ಬೆಳಿಗ್ಗೆ ಅವಳು ಆಸ್ಪತ್ರೆಯ ನಿರ್ದೇಶಕರ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಕೂಸುಗಳನ್ನು ಎತ್ತಿಕೊಂಡ ಬಾಣಂತಿಯರ ಒಂದು ಹಿಂಡು.

"ಏನಿದು ರಾಸ್ಮಿಯಾ? ಬಾ, ಒಳಗೆ ಬಂದು ಕೂತ್ಕೋ, ಮಾತಾಡೋಣ," ಎಂದರು ನಿರ್ದೇಶಕರು.

"ನಾನು ಕೂರಲ್ಲ ಸರ್," ಎಂದಳು ಅವಳು, ಬಾಗಿಲನ್ನು ಪೂರ್ತಿ ತೆರೆದು ಹಿಡಿಯುತ್ತ. "ಇವರು ಕೂರ್ತಾರೆ. ನಿಮ್ಮ ಸೋಫಾ ದೊಡ್ಡದಿದೆ. ಬನ್ನಿ ಇಂದಾಯ್, ಜಾಗ ಮಾಡ್ಕೊಂಡು ಕೂತ್ಕೊಳ್ಳಿ. ಹಾಸಿಗೆ ಬರೋವರೆಗೂ ಏಳ್ಬೇಡಿ."